ಬಿಟ್ಟಿ ಡೋಲಕ್ಕು

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುತ್ತೇನೆ ಅಂತ ಹೊರಟವನು ವಾರಕ್ಕೊಂದು ಸಲವಾದರೂ ನಗೆಪಾಟಲಾಗದೆ ಇರುವುದಿಲ್ಲ. ಕೊಳ್ಳೇಗಾಲದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡವನು ನಾನು. ಅನುಭವದಿಂದಲೇ ಹೇಳುತ್ತಿದ್ದೇನೆ.

೧. ಹೋದ ಡೋಲಕ್ಕು, ಬಂದ ಡೋಲಕ್ಕು

ನಮ್ಮ ಸೋಮವಾರದ ಭಜನೆ ಗುಂಪಿಗೆ ಡೋಲಕ್ಕು ಬಾರಿಸುವವರು ಯಳಂದೂರಿನ ಹಿರಿಯರೊಬ್ಬರು. ನಾವೆಲ್ಲ ಅಣ್ಣ ಅನ್ನುತ್ತೇವೆ. ಇಪ್ಪತ್ತು ವರ್ಷದಲ್ಲಿ ಒಂದು ಸೋಮವಾರ ತಪ್ಪಿಸಿದವರಲ್ಲ. ರೆಕಾರ್ಡಿಂಗಿಗೆ ಕೂತ ದಿನ ನಾನು ಬಾಯಿ ಮುಚ್ಚಿಕೊಂಡಿರದೆ, "ಅಣ್ಣ, ನೀವು ಓಡುಸ್ತೀರಿ, ತಾಳ ಒಂದೇ ಸಮ ನಿಲ್ಲಲ್ಲ" ಅಂದೆ. ಅವರು ಡೋಲಕ್ಕನ್ನು ಚೀಲಕ್ಕೆ ಹಾಕಿಕೊಂಡು ಯಳಂದೂರು ಬಸ್ಸು ಹತ್ತಿದರು. ಆಮೇಲೆ ಎರಡು ಸೋಮವಾರ ಬರಲೇ ಇಲ್ಲ.

ನನಗೂ ಹಟ. ದುಡ್ಡಿಲ್ಲದೆ ಸಿಗುವ ಡ್ರಮ್ ಸಾಫ್ಟ್‌ವೇರ್ ಒಂದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಪರದೆ ಮೇಲಿನ ಚೌಕಗಳಲ್ಲಿ ಏಟಿನ ಗುರುತು ಹಾಕಿದರೆ ಸಾಕು, ಡೋಲಕ್ಕು ತಾನೇ ನುಡಿಯುತ್ತದೆ. ಹೆಂಡತಿಯನ್ನು ಕರೆದು ಕೇಳಿಸಿದೆ.

"ಬಿಟ್ಟಿಯಾಗಿ ಬತ್ತಿದ್ದ ಮನುಷ್ಯನ್ನ ಓಡಿಸಿ, ಬಿಟ್ಟಿ ಡಬ್ಬ ತಂದ್ರಾ?" ಅಂದು ಒಗ್ಗರಣೆ ಹಾಕಲು ಹೋದಳು.

೨. ಅಟ್ಟಿಸಿಕೊಂಡು ಬರುವ ತಾಳ

ನಮ್ಮ ಹಾಡುಗಾರ ಲೊಕ್ಕನಹಳ್ಳಿಯ ರೈತ. ಒಂದು ಸಾಲು ಹಾಡಿ, ಗಂಟಲು ಸರಿಮಾಡಿಕೊಂಡು, ದೇವರಿಗೊಂದು ಕೈ ಮುಗಿದು, ಆಮೇಲೆ ಮುಂದಿನ ಸಾಲು. ಅಷ್ಟು ಹೊತ್ತೂ ಅಣ್ಣ ಅವನ ಮುಖ ನೋಡುತ್ತಾ ಮೆಲ್ಲಗೆ ಬಾರಿಸಿಕೊಂಡು ಕಾಯುತ್ತಿದ್ದರು. ಲ್ಯಾಪ್‌ಟಾಪು ಕಾಯುತ್ತದೆಯೇ? ಮೂರನೇ ಸಾಲಿಗೆ ಅವನು ಏದುಸಿರು ಬಿಡುತ್ತಾ ಹೆಡ್‌ಫೋನು ಕಿತ್ತಿಟ್ಟ.

"ಇದೇನ್ ಸಾ, ಇಂಗೆ ಅಟ್ಟುಸ್ಕಂಡು ಬತ್ತದೆ? ನಮ್ಮೂರ್ಗೆ ಬರೋ ಆನೆನೇ ವಾಸಿ. ಪಟಾಕಿ ಒಡುದ್ರೆ ನಿಂತ್ಕತ್ತದೆ."

೩. ಮೊದಲ ವೀಳ್ಯ

ಹೇಗೋ ಹಾಡು ಮುಗಿಯಿತು. ಭಜನೆ ಮುಗಿದ ಮೇಲೆ ಮೊದಲ ವೀಳ್ಯ ಡೋಲಕ್ಕಿನವರಿಗೆ ಕೊಡುವುದು ನಮ್ಮ ಗುಂಪಿನ ವಾಡಿಕೆ. ತಟ್ಟೆ ಹಿಡಿದ ಹಾಡುಗಾರ ಸುತ್ತ ನೋಡಿದ. ಅಣ್ಣ ಕೂರುತ್ತಿದ್ದ ಜಾಗ ಖಾಲಿ. ಅವನು ಒಂದು ಗಳಿಗೆ ಯೋಚಿಸಿ, ಎಲೆ ಅಡಿಕೆಯನ್ನು ಲ್ಯಾಪ್‌ಟಾಪಿನ ಮೇಲಿಟ್ಟು, ಪರದೆಗೆ ವಿಭೂತಿ ಬಳಿದು ಕೈ ಮುಗಿದ.

"ಬಾರ್ಸಿದ್ದು ಅದಲ್ವಾ ಸಾ. ನಾಳಿಕ್ ಅದೂ ಮುನುಸ್ಕಂಡ್ ಓದ್ರೆ ಯಾರ್ನ ಕರಿಯನ?"

೪. ಹನೂರಿನ ಕೈ

ಹಾಡು ಮೊಬೈಲಿನಿಂದ ಮೊಬೈಲಿಗೆ ಹಾರಿ ಯಳಂದೂರು ತಲುಪಿತು. ಅಣ್ಣನ ಫೋನು ಬಂತು. "ಡೋಲಕ್ಕು ಯಾರಪ್ಪ?" ಅಂದರು. ದನಿ ಸಣ್ಣಗಿತ್ತು. ನಿಮ್ಮ ಜಾಗದಲ್ಲಿ ಒಂದು ಮಿಷನ್ನು ಕೂರಿಸಿದ್ದೇನೆ ಅನ್ನಲು ನನಗೆ ನಾಲಿಗೆ ಏಳಲಿಲ್ಲ. "ಹನೂರಿನೋರೊಬ್ರು ಅಣ್ಣ" ಅಂದುಬಿಟ್ಟೆ.

ಮರುದಿನವೇ ಅವರು ಡೋಲಕ್ಕು ಹೊತ್ತು ಹನೂರಿಗೆ ಹೋಗಿದ್ದಾರೆ, ಆ ಮನುಷ್ಯನ ಎದುರು ಕೂತು ಬಾರಿಸಿ ನೋಡಲು! ಸಂಜೆ ವಾಪಸು ಬರುವಾಗ ನನ್ನ ಅಂಗಡಿ ಮುಂದೆ ಇಳಿದರು. ಸುಳ್ಳು ಸಿಕ್ಕಿಬಿತ್ತು ಅಂದುಕೊಂಡೆ.

"ಹನೂರೆಲ್ಲ ಸುತ್ತುದೆ ಕಣಪ್ಪ, ಆಳು ಸಿಕ್ಕಲಿಲ್ಲ. ಆದ್ರೆ ಬಸ್‌ಸ್ಟ್ಯಾಂಡಿನ ಟೀ ಅಂಗ್ಡಿಯೋನ್ಗೆ ಚೆನ್ನಾಗಿ ಗೊತ್ತಂತೆ. ಕೈ ಚೆಂದ, ಬಲು ಕುಡುಕ ಅಂದ. ಪಕ್ಕದ ಊವಿನಂಗ್ಡಿಯೋನೂ ಔದು ಔದು ಅಂದ. ಅವನ್ಗೆ ದೂರದ ನೆಂಟನಂತೆ. ಎಂಡ್ತಿ ಬುಟ್ಟು ಓಗವ್ಳಂತೆ."

ನಾನು ನಗು ತಡೆಯಲಾರದೆ ಜೆರಾಕ್ಸ್ ಮಿಷನ್ನಿನ ಹಿಂದೆ ಬಗ್ಗಿ, ಬೀಳದ ಹಾಳೆ ಹುಡುಕಿದೆ.

"ಅಂಥವನ್ನ ದೇವ್ರ ಭಜನೆಗೆ ಕೂರ್ಸಕಾದದಾ? ಸೋಮವಾರದಿಂದ ನಾನೇ ಬತ್ತೀನಿ."

ನನಗೆ ಹೋದ ಜೀವ ಬಂದಂತಾಯಿತು. ಆ ಖುಷಿಯಲ್ಲಿ, "ಬನ್ನಿ ಅಣ್ಣ, ಅವನ್ನ ಇವತ್ತೇ ಬಿಡುಸ್ಬುಡ್ತೀನಿ" ಅಂದೆ.

ಅಣ್ಣನ ಮುಖ ಸಪ್ಪಗಾಯಿತು. "ಬ್ಯಾಡ ಬ್ಯಾಡ. ಮೊದ್ಲೇ ಎಂಡ್ತಿ ಇಲ್ದೋನು, ಪಾಪ. ಸೋಮವಾರ ಕರ್ಕಂಡ್ ಬಾ, ನನ್ ಪಕ್ಕ ಕೂತ್ಕಳ್ಲಿ. ಕುಡ್ತ ನಾನ್ ಬುಡುಸ್ತೀನಿ."