ಎರಡನೆಯವನ ಹೊಟ್ಟೆಯುರಿ

ಪಕ್ಕದ ಮನೆಯವರ ಒಡವೆ ಕಂಡು ಹೊಟ್ಟೆ ಉರಿದುಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರ ಉರಿಗೆ ಮದ್ದಾದರೂ ಇದೆ. ಹೇಗೋ ಒದ್ದಾಡಿ ಅಂಥದೇ ಒಡವೆಯನ್ನು ತಾವೂ ಮಾಡಿಸಿಕೊಳ್ಳಬಹುದು. ನನಗೆ ಹೊಟ್ಟೆ ಉರಿದದ್ದು ಒಬ್ಬನ ಧೈರ್ಯ ಕಂಡು. ಅದನ್ನು ಮಾಡಿಕೊಡುವ ಅಕ್ಕಸಾಲಿ ಹಾಸನದ ಪೇಟೆಯಲ್ಲಿ ಒಬ್ಬನೂ ಇರಲಿಲ್ಲ.

ಅವನ ಹೆಸರು ನಿಂಗೇಗೌಡ. ದುದ್ದದ ಕಡೆಯ ರೈತರ ಮಗ. ಹಾಸನದ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನೇ. ಎರಡನೆಯ ಮಹಾಯುದ್ಧದ ಕಾಲ ಅದು. ನೂರು ಗಜದ ಓಟವೆಂದರೆ ಚನ್ನರಾಯಪಟ್ಟಣವಾಗಲಿ, ಅರಕಲಗೂಡಾಗಲಿ, ಮೊದಲು ಅವನು, ಹಿಂದೆ ನಾನು. ಅವನ ಅಂಗಿಯ ಬೆನ್ನಿನ ಮೇಲಿದ್ದ ತೇಪೆಯನ್ನು ನಾನು ನೋಡಿದಷ್ಟು ಅದನ್ನು ಹೊಲಿದ ಅವರವ್ವನೂ ನೋಡಿರಲಾರಳು.

ಅವನ ಕಾಲುಗಳನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದಿದ್ದದ್ದು ಅವನ ನಿರಾಳ. ನಮ್ಮದು ಜವಳಿ ಅಂಗಡಿಯ ಮನೆ. ಅವ್ವ ನನಗೆ ಬಾದಾಮಿ ನೆನೆಸಿ ತಿನ್ನಿಸಿ ಕಳಿಸುತ್ತಿದ್ದಳು. ಓಟದ ಹೊತ್ತಿಗೆ ಆ ಬಾದಾಮಿಯನ್ನೆಲ್ಲ ಹೊತ್ತುಕೊಂಡು ನಾನು ಮತ್ತೆ ಮತ್ತೆ ಪೊದೆಯ ಮರೆಗೆ ಹೋಗಿ ಬರುತ್ತಿದ್ದೆ. ನಿಂಗೇಗೌಡನೋ, ಗೆರೆಯ ಮೇಲೆ ನಿಂತು ಕಡಲೆಕಾಯಿ ಸುಲಿಯುತ್ತ, ತಾನು ಸೋಲಿಸಬೇಕಾದ ಹುಡುಗನ ಹತ್ತಿರ ಅವರ ಮನೆಯ ಎಮ್ಮೆ ಕರು ಹಾಕಿದ ಸಮಾಚಾರ ಕೇಳುತ್ತಿದ್ದ!

ಒಮ್ಮೆ ತಡೆಯಲಾರದೆ ಕೇಳಿಯೇ ಬಿಟ್ಟೆ. “ನಿನಗೆ ಭಯವೇ ಆಗಲ್ವೇನೋ?”

“ಯಾಕ್ಲಾ ಭಯ? ಆ ತುದೀಲಿ ದಾರ ಕಟ್ಟವ್ರೆ. ಓಗಿ ಮುಟ್ಟೋದು, ಅಷ್ಟೇ ಕಣ.”

“ಪಕ್ಕದವನು ಮುಂದೆ ಹೋದರೆ?”

“ಪಕ್ಕ ಯಾಕ್ಲಾ ನೋಡೀಯೆ? ದಾರ ಇರೋದು ಮುಂದ್ಗಡೆ ಅಲ್ವಾ!”

ಪಕ್ಕ ನೋಡದೆ ನಾನು ಓಡಿದ್ದೇ ಇಲ್ಲ. ಓಡುವುದಿರಲಿ, ಪಕ್ಕದವನ ಎಲೆ ನೋಡದೆ ಊಟ ಮಾಡಿದ್ದೂ ಇಲ್ಲ.

ಆ ವರ್ಷದ ಪಂದ್ಯ ಹೊಳೆನರಸೀಪುರದಲ್ಲಿ. ಸೀಟಿ ಊದಿದ್ದೇ ತಡ, ಹೊಳೆಯ ಕಡೆಯಿಂದ ಗಾಳಿ ನುಗ್ಗಿ ನನ್ನ ಎರಡು ಕಣ್ಣಿಗೂ ಧೂಳು ಬಿತ್ತು. ಪಕ್ಕ ನೋಡುವ ಮಾತಂತಿರಲಿ, ನೆಲವೇ ಕಾಣದು. ಕುರುಡನ ಹಾಗೆ ಓಡಿದೆ. ಎದೆಗೇನೋ ತಾಗಿತು. ಕಣ್ಣುಜ್ಜಿ ನೋಡಿದರೆ ದಾರ!

ಗೆದ್ದಿದ್ದೆ. ಜನ ನನ್ನತ್ತ ಓಡಿಬಂದರು. ನನ್ನನ್ನು ದಾಟಿ ನಿಂಗೇಗೌಡನ ಸುತ್ತ ನೆರೆದರು. “ಏನಾಯ್ತಪ್ಪ ಗೌಡ? ಕಾಲುಳುಕ್ತಾ?” ಬಹುಮಾನದ ಕಪ್ಪು ಕೊಡಲು ನಿಂತಿದ್ದ ಡ್ರಿಲ್ ಮೇಷ್ಟ್ರು ಕೂಡ ಅದನ್ನು ನನ್ನ ಕೈಗಿಡುತ್ತ, “ಅಲ್ಲಯ್ಯಾ, ನಿಂಗೇಗೌಡನಿಗೆ ಏನಾಗಿತ್ತು?” ಎಂದರು.

ಅವನಾದರೂ ಒಂದಿಷ್ಟು ಅತ್ತರೆ ನನ್ನ ಗೆಲುವಿಗೆ ಬೆಲೆ ಬಂದೀತೆಂದು ಕಾದೆ. ಅವನು ಬಂದು ಬೆನ್ನಿಗೆ ಗುದ್ದಿ, “ಭೇಷ್ ಕಣ್ಲಾ! ಕೊಡು, ಕಪ್ ನೋಡಾನ” ಎಂದ. ಹಿಂತಿರುಗುವಾಗ, ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ನಮ್ಮ ಬಸ್ಸು ಏರಿನಲ್ಲಿ ಉಸಿರುಗಟ್ಟಿ ನಿಂತಿತು. ಎಲ್ಲರೂ ಇಳಿದು ನೂಕತೊಡಗಿದೆವು. ನಾನು ಕಪ್ಪನ್ನು ಕಂಕುಳಲ್ಲಿ ಅವುಚಿಕೊಂಡು ಒಂದೇ ಕೈಯಲ್ಲಿ ನೂಕುತ್ತ ಕೇಳಿದೆ.

“ನಿಜ ಹೇಳೋ, ಕಾಲು ನೋಯ್ತಿತ್ತಾ?”

“ಇಲ್ಲ ಕಣ್ಲಾ. ನೀನೇ ಜೋರಾಗಿ ಓಡ್ದೆ.”

“ಬೇಜಾರಾಗ್ಲಿಲ್ವಾ?”

“ಆಗ್ದೆ ಇರ್ತದಾ? ಆಯ್ತು. ಮುಂದಿನ್ ಸಲ ನಾನೇ ಮೊದ್ಲು ಬತ್ತೀನಿ, ಬುಡು.”

ಜಂಬವಿಲ್ಲ, ಸಿಟ್ಟಿಲ್ಲ. ನಾಳೆ ಸೋಮವಾರ ಎನ್ನುವಷ್ಟೇ ಸಹಜವಾಗಿ ಅಂದುಬಿಟ್ಟ. ಸೋತವನು ಶಿಳ್ಳೆ ಹಾಕುತ್ತ ಬಸ್ಸು ನೂಕುತ್ತಿದ್ದ. ಗೆದ್ದ ನನಗೆ ಆ ಗಳಿಗೆಯಿಂದಲೇ ಮುಂದಿನ ಓಟದ ನಡುಕ ಶುರುವಾಗಿತ್ತು. ಮನೆಯಲ್ಲಿ ಅವ್ವ ಕಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ, “ಪಾಪ, ಆ ದುದ್ದದ ಹುಡುಗ ಬಂದಿರ್ಲಿಲ್ವಾ ಮಗಾ?” ಎಂದಳು.

ಮುಂದಿನ ಸಲ ಅರಕಲಗೂಡಿನಲ್ಲಿ ಗಾಳಿ ಬೀಸಲಿಲ್ಲ. ನಾನು ಪಕ್ಕ ನೋಡಿದೆ. ಅವನು ದಾರ ಮುಟ್ಟಿದ. ಮರದ ನೆರಳಲ್ಲಿ ಕಾಲು ಚಾಚಿ ಕೂತು ಬಹಳ ಹೊತ್ತು ಕಾದೆ. ನನಗೇನಾಗಿತ್ತೆಂದು ಒಂದು ನರಪಿಳ್ಳೆಯೂ ಬಂದು ಕೇಳಲಿಲ್ಲ.