ಎದುರು ಮನೆಯವರು

ಸಿದರಾಯ ಹೆಂಡತಿಯ ಒದ್ದೆ ಸೀರೆಯನ್ನು ಪಕ್ಕದ ಮನೆಯ ತಂತಿಯ ಮೇಲೆ ಹರವಿ, ಕಳ್ಳನಂತೆ ಕಾಂಪೌಂಡ್ ಹಾರಿ ಈಚೆ ಬಂದ. ಆ ಮನೆಯಲ್ಲಿ ಯಾರೂ ಇರಲಿಲ್ಲ. ಅದರಾಚೆಯ ಮನೆಯಲ್ಲೂ ಇರಲಿಲ್ಲ. ರಾಯಬಾಗದ ಹೊರಗೆ, ಕಬ್ಬಿನ ಹೊಲಗಳ ನಡುವಿನ ಆ ಕಾಲನಿ, ಮನೆಗಳ ಬೆಲೆ ಬಿದ್ದಾಗಿನಿಂದ ಬಾಯಿ ತೆರೆದು ಮಲಗಿದ ಹೆಣದ ಹಾಗಿತ್ತು.

ಈಗ ಮಾರ್ಕೆಟ್ ಚೇತರಿಸಿದೆ ಎಂದು ಏಜೆಂಟ್ ದುಂಡೇಶ ಹೇಳಿದ್ದ. ಗಿರಾಕಿಗಳು ಬರತೊಡಗಿದ್ದೂ ನಿಜ. ಆದರೆ ಬಂದವರೆಲ್ಲ ಆಚೀಚೆ ಇಣುಕಿ, ನೆರೆಹೊರೆಯಿಲ್ಲದ ಕಡೆ ತಾವೇ ಮೊದಲು ಬಂದು ಇರಲಾರೆವೆಂದು ಗಾಡಿ ತಿರುಗಿಸುತ್ತಿದ್ದರು. ಅದಕ್ಕೇ ಸಿದರಾಯ ನೆರೆಹೊರೆಯನ್ನು ತಾನೇ ತಯಾರಿಸಲು ಹೊರಟಿದ್ದ. ಅವನು ಮಾರಲಿಟ್ಟಿದ್ದು ಹೆಂಡತಿ ರೂಪಾಲಿ ತನ್ನ ಪಾಲಿನ ದ್ರಾಕ್ಷಿ ತೋಟ ಮಾರಿ ಕಟ್ಟಿಸಿದ ಮನೆ. ಮಾರಾಟವಾದ ದಿನ ಬರುತ್ತೇನೆಂದು ಸೀರೆಗಳನ್ನೂ ಬಿಟ್ಟು ಅಥಣಿಯ ತವರಿಗೆ ಹೋಗಿ ಕೂತಿದ್ದಳು.

ಮಧ್ಯಾಹ್ನ ನಿಪ್ಪಾಣಿಯಿಂದ ಗಿರಾಕಿಯಾಗಿ ಸಕ್ಕುಬಾಯಿ ಬಂದಳು. ಒಳಗೆ ನೆಲ ಒರೆಸುತ್ತಿದ್ದ ಸಿದರಾಯ ಹೊರಬಂದು ನೋಡಿ, ಒರೆಸುವ ಬಟ್ಟೆ ಹಿಡಿದೇ ನಿಂತ. ತಾನು ಹಾಕಿದ್ದು ಒಂದೇ ಸೀರೆ. ಈಗ ಹಿಂದಿನ ಸಾಲಿನ ಮನೆಗಳ ತಂತಿಗಳ ತುಂಬ ಧೋತರ, ಲಂಗ, ಕೂಸಿನ ಅಂಗಿ. ಬಾಗಿಲು ಬಾಗಿಲಿಗೂ ರಂಗೋಲಿ. ಮನುಷ್ಯರ ಉಸಿರು ಮಾತ್ರ ಇಲ್ಲ.

“ಮಂದಿ ಭಾಳ ಅದಾರಲ್ರಿ,” ಎಂದಳು ಸಕ್ಕುಬಾಯಿ.

“ಹೌದ್ರಿ. ತುಂಬಾಕತ್ತೈತಿ.” ಅವನ ನಾಲಗೆ ಮೂರು ದಿನದ ರೊಟ್ಟಿಯಾಗಿತ್ತು.

ಅಷ್ಟರಲ್ಲಿ ಬೀಗ ಜಡಿದ ಎದುರು ಮನೆಯೊಳಗೆ ಕುಕ್ಕರ್ ಸೀಟಿ ಹೊಡೆಯಿತು. ನಿಂತಿತು. ಮತ್ತೆ ಮತ್ತೆ ಹೊಡೆಯಿತು, ಅದೇ ದನಿ, ಅದೇ ಉದ್ದ. ಯಾವ ಬೇಳೆಯೂ ಇಷ್ಟು ಹೊತ್ತು ಬೇಯುವುದಿಲ್ಲ. ಸಿದರಾಯ ರಸ್ತೆ ದಾಟಿ ಹೋಗಿ ಅದರ ಕಿಟಕಿಯಲ್ಲಿ ಇಣುಕಿದ. ಒಲೆಯಿಲ್ಲ, ಪಾತ್ರೆಯಿಲ್ಲ. ಬರಿಯ ಸಿಮೆಂಟಿನ ನೆಲದ ಮೇಲೆ ಒಂದು ಮೊಬೈಲು ಒಂಟಿಯಾಗಿ ಸೀಟಿ ಹೊಡೆಯುತ್ತಿತ್ತು.

“ಇಲ್ಲಿ ಯಾರೂ ಇಲ್ರಿ,” ಎಂದು ಅವನ ಬಾಯಿಂದ ಸತ್ಯವೇ ಜಾರಿತು. “ಆ ಸೀರಿ ನಮ್ಮಾಕಿದು. ನಾನಽ ಹಾಕೇನಿ.”

ಸಕ್ಕುಬಾಯಿ ಹಿಂದಿನ ಸಾಲಿನತ್ತ ತಿರುಗಿದಳು. “ಆ ಕೂಸಿನ ಅಂಗಿ?”

“ಮನಿ ಮಾರಾಕ ನಿಂತ ನನ್ನಂಥಾವ್ರು ಯಾರರ ಹಾಕಿರಬೇಕ್ರಿ.”

ಅವಳು ಸೊಂಟದಿಂದ ಬೀಗದಕೈ ತೆಗೆದು, ಎದುರು ಮನೆಯ ಬಾಗಿಲು ತೆರೆದು, ಮೊಬೈಲಿನ ಬಾಯಿ ಮುಚ್ಚಿಸಿದಳು. ಮನೆ ಅವಳದೇ. ಒಳಗೆ ಸಂಸಾರ ಇದೆಯೆನ್ನಿಸಲೆಂದು ಬೆಳಿಗ್ಗೆ ಬಂದು, ಮಧ್ಯಾಹ್ನಕ್ಕೆ ಅಲಾರಂ ಹಚ್ಚಿ ಆ ಮೊಬೈಲು ಇಟ್ಟು ಹೋಗಿದ್ದಳು. ಈಗ ಬಂದದ್ದು ಕೊಳ್ಳಲಿಕ್ಕಲ್ಲ; ಕಾಲನಿಗೆ ಜನ ಬಂದಿದ್ದಾರೆಂದು ನಂಬಿ, ಸಿದರಾಯ ಏನು ರೇಟು ಹೇಳುತ್ತಾನೆ ಕೇಳಿ, ತನ್ನದಕ್ಕೂ ಅದನ್ನೇ ಹೇಳಲಿಕ್ಕೆ.

ಹಿಂದಿನ ಸಾಲಿನಲ್ಲಿ ಯಾರದೋ ಅಂಗಿ ಗಾಳಿ ತುಂಬಿಕೊಂಡು ಕೈ ಮಾಡಿ ಕರೆಯಿತು.

“ಅಣ್ಣಾರ, ಯಾರರ ಒಬ್ಬರು ಮೊದಲ ತಗೋಬೇಕಲ್ರಿ,” ಎಂದಳು ಸಕ್ಕುಬಾಯಿ ಮೆಲ್ಲಗೆ. “ನನ್ನ ಮನಿ ನೀವಽ ತಗೋರಿ, ಅಗ್ಗಕ್ಕ ಬಿಡತೀನಿ. ನಿಮ್ಮ ಮನಿಗೆ ಎದುರು ಮನಿಯವ್ರು ನೀವಽ ಆಗ್ತೀರಿ.”

“ಒಲ್ಲೆ, ಆಜೂಬಾಜೂ ಮಂದಿನಽ ಇಲ್ಲಲ್ರಿ,” ಎಂದ ಸಿದರಾಯ.