ಐದನೇ ಗುಂಡಿಯವರ ಸನ್ನಿಧಾನಕ್ಕೆ

ಮಾನ್ಯ ಐದನೇ ಗುಂಡಿಯವರೇ,

ಕಳ್ಳಿಹಟ್ಟಿ ಪುರಸಭೆಯ ಗಾಲ್ಫ್ ಮೈದಾನದಲ್ಲಿ, ನಟ್ಟನಡುವೆ ಒಂದು ಕೆಂಪು ಬಾವುಟ ನೆಡಿಸಿಕೊಂಡು ವಿರಾಜಮಾನರಾಗಿರುವ ತಮಗೆ, ಇದೇ ಊರಿನ ನಿವೃತ್ತ ಬಸ್ ಕಂಡಕ್ಟರ್ ಗೋವಿಂದಯ್ಯನ ಸಾಷ್ಟಾಂಗ ನಮಸ್ಕಾರಗಳು. ಕಚೇರಿಯಲ್ಲಿ ಯಾರೂ ಬಾಯಿ ಬಿಡುತ್ತಿಲ್ಲವಾದ್ದರಿಂದ, ಸದಾ ಬಾಯಿ ತೆರೆದೇ ಇರುವ ತಮಗೆ ನೇರವಾಗಿ ಬರೆಯುತ್ತಿದ್ದೇನೆ.

ತಮ್ಮ ಜನ್ಮವೃತ್ತಾಂತ ತಮಗೆ ತಿಳಿದಿರಲಾರದು. ಮೈದಾನದ ವಿನ್ಯಾಸಕಾರರು ಬೆಂಗಳೂರಿನಿಂದ ಬಂದು, ಕಲ್ಲು ಕಳ್ಳಿಯ ಆ ಇಳಿಜಾರನ್ನೆಲ್ಲ ಅಳೆದು, ಹದಿನೆಂಟು ಗುಂಡಿಗಳ ನಕ್ಷೆಯನ್ನು ಒಂಬತ್ತಕ್ಕೆ ಇಳಿಸಿ, ಕಡೆಗೆ ಒಂದು ಚಪ್ಪಡಿ ಕಲ್ಲಿನ ಸುತ್ತ ಕಣದಂಥ ಸಮತಟ್ಟು ನೆಲ ಕಂಡು, ಇದು ಪ್ರಕೃತಿಯೇ ಮಾಡಿಟ್ಟ ಹಾಸು ಎಂದು ಹಿಗ್ಗಿ, ತಮಗೆ ಅಲ್ಲೇ ಜಾಗ ಗುರುತಿಸಿದರು. ಪ್ರಕೃತಿ ಮಾಡಿದ್ದಲ್ಲ ಸ್ವಾಮಿ. ಅದು ಸ್ಮಶಾನದ ದಾರಿಯಲ್ಲಿ ನಾವು ಹೆಣ ಇಳಿಸುವ ಕಲ್ಲು. ಅಲ್ಲಿ ಚಟ್ಟ ಇಳಿಸಿ, ಸತ್ತವರ ಕಿವಿಯ ಬಳಿ ಮೂರು ಸಲ ಹೆಸರು ಹಿಡಿದು ಗಟ್ಟಿಯಾಗಿ ಕೂಗಿ, ಓಗೊಡಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಮುಂದಕ್ಕೆ ಹೊರಡುವುದು. ತಲೆತಲಾಂತರದಿಂದ ಹೊತ್ತವರ ಕಾಲು ತುಳಿದು ಆ ನೆಲ ಅಷ್ಟು ನುಣ್ಣಗಾಗಿತ್ತು.

ಆಗಲೇ ಹೇಳಬಾರದಿತ್ತೇ ಎಂದು ತಾವು ಕೇಳಬಹುದು. ಗುದ್ದಲಿ ಪೂಜೆಯ ದಿನ ಇಡೀ ಊರು ಅಲ್ಲೇ ನಿಂತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಉಚ್ಚಂಗೆಮ್ಮ ತೋಳು ಚಿವುಟಿ, “ಸುಮ್ಕಿರ್ರಿ, ಶುಭಕಾರ್ಯದಾಗೆ ಸಾವಿನ ಮಾತು ಯಾರಾನ ಎತ್ತುತಾರಾ?” ಎಂದಳು. ಮಿಕ್ಕ ಗಂಡಸರ ತೋಳಿಗೂ ಅದೇ ಗತಿಯಾಗಿರಬೇಕು. ಎಲ್ಲರೂ ಕೋಸಂಬರಿ ತಿಂದು ಮನೆಗೆ ಬಂದೆವು.

ಕಳೆದ ತಿಂಗಳು ನೆರೆಮನೆಯ ಚಿತ್ತಪ್ಪ ತೀರಿಕೊಂಡ. ಅವನನ್ನು ಹೊತ್ತು ತಮ್ಮ ಸನ್ನಿಧಿಗೆ ಬಂದಾಗ ಕಾವಲುಗಾರ ಕೊಟ್ರೇಶ್ ಕೈ ಅಡ್ಡ ಹಿಡಿದು, “ಒಂದೀಟು ನಿಲ್ರಪ್ಪ, ಸಾಹೇಬ್ರು ಚೆಂಡು ಹೊಡೀತಾವ್ರೆ” ಎಂದ. ಹೆಗಲ ಮೇಲೆ ಚಟ್ಟ ಹೊತ್ತೇ ನಿಂತೆವು. ಸಾಹೇಬರು ಹೊಡೆದರು, ತಪ್ಪಿದರು, ಮತ್ತೆ ಹೊಡೆದರು, ಮತ್ತೆ ತಪ್ಪಿದರು. ತಮ್ಮ ಬಾಯಿ ಅಷ್ಟು ಚಿಕ್ಕದೆಂದು ಅಂದೇ ನನಗೆ ತಿಳಿದದ್ದು. ಕೊನೆಗೆ ನಾವು ಚಟ್ಟ ಇಳಿಸಿದಾಗ ಕೊಟ್ರೇಶ್ “ಮೌನವಾಗಿರಿ” ಎಂಬ ಫಲಕ ತೋರಿಸಿದ. ಮಗ ಗಿರೀಶ್ ಅಪ್ಪನ ಹೆಸರನ್ನು ಪಿಸುಗುಟ್ಟಿದ. ಅಯ್ಯೋ, ಚಿತ್ತಪ್ಪನಿಗೆ ಬದುಕಿದ್ದಾಗಲೇ ಕಿವಿ ಮಂದ! ಅವನಿಗೆ ಕೇಳಿಸಿತೋ ಇಲ್ಲವೋ ಎಂಬ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ನನಗೂ ವಯಸ್ಸಾಯಿತು, ಬಲಗಿವಿ ಕೇಳಿಸದು. ಆದಕಾರಣ ತಾವು ದಯಮಾಡಿ ಹತ್ತು ಮಾರು ಪಕ್ಕಕ್ಕೆ ಸರಿಯಬೇಕು. ಅದು ತಮ್ಮ ಘನತೆಗೆ ಕುಂದಾದರೆ, ಮೈದಾನದ ಸದಸ್ಯರು ಆಡಲು ಬರದ ವಾರ ಯಾವುದೆಂದು ತಿಳಿಸಿದರೂ ಸಾಕು, ಅಂದೇ ಸಾಯಲು ಪ್ರಾಮಾಣಿಕವಾಗಿ ಪ್ರಯತ್ನಿಸುತ್ತೇನೆ. ಹೊಸದುರ್ಗ, ಹೊಳಲ್ಕೆರೆ ಎಂದು ಆಯುಷ್ಯವಿಡೀ ಊರುಗಳ ಹೆಸರು ಕೂಗಿದವನು ನಾನು. ಕೊನೆಗೊಮ್ಮೆ ನನ್ನ ಹೆಸರನ್ನೂ ಯಾರಾದರೂ ಗಟ್ಟಿಯಾಗಿ ಕೂಗಲಿ ಎಂಬುದಷ್ಟೇ ನನ್ನ ಆಸೆ.

ಇಂದಲ್ಲ ನಾಳೆ ತಮ್ಮ ಮುಂದೆಯೇ ಹಾದು ಹೋಗಲಿರುವ,
ತಮ್ಮ ವಿಶ್ವಾಸಿ,
ಗೋವಿಂದಯ್ಯ

ಮರೆತ ಮಾತು: ಆ ಚಪ್ಪಡಿಯನ್ನು ಕಿತ್ತು, ಪುರಸಭೆ ಅಧ್ಯಕ್ಷರ ಹೆಸರು ಕೆತ್ತಿಸಿ, ಉದ್ಘಾಟನೆಯ ಕಲ್ಲಾಗಿ ನಿಲ್ಲಿಸಿದ್ದಾರೆ. ಉದ್ಘಾಟನೆಯ ದಿನ ಅದರ ಮುಂದೆಯೇ ಮೈಕಿನಲ್ಲಿ ಅವರ ಹೆಸರನ್ನು ಮೂರು ಸಲ ಕೂಗಿದರು. ಮೂರನೆಯ ಕೂಗಿಗೆ ಅವರು ಓಗೊಟ್ಟು ಎದ್ದು ಬಂದಾಗ ಊರಿಗೆ ಊರೇ ನೆಮ್ಮದಿಯ ನಿಟ್ಟುಸಿರು ಬಿಟ್ಟಿತು. ಏಕೆಂದು ಅವರಿಗೆ ಯಾರೂ ಹೇಳಲಿಲ್ಲ, ಶುಭಕಾರ್ಯ ನೋಡಿ.